ಘಾಟಿಯಲ್ಲಿ ಬಟನ್ ಒತ್ತಿದರೆ ಯಾರಿಗೆ ಕೇಳುತ್ತದೆ?

ಭಾವನ ಮ್ಯಾಕ್ಸಿಕ್ಯಾಬ್ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬಂದಾಗ ಜಿಪಿಎಸ್ ಬಾಕ್ಸ್ ಹಾಕಿಸಲೇಬೇಕು ಅಂದರು. ಏಳೂವರೆ ಸಾವಿರದ ಮೇಲೆ ಖರ್ಚಾಯಿತು. ಡ್ರೈವರ್ ಮುಂದೆ ಒಂದು ಪುಟ್ಟ ಪೆಟ್ಟಿಗೆ, ಸೀಟುಗಳ ಪಕ್ಕ ಅಪಾಯದಲ್ಲಿ ಸಹಾಯ ಕೇಳಲು ಒತ್ತುವ ಕೆಂಪು ಬಟನ್. ಭಾವ ದುಡ್ಡಿನ ಚಿಂತೆಯಲ್ಲಿದ್ದರು, ನನಗೆ ಮಾತ್ರ ಸಮಾಧಾನವಾಯಿತು. ಕತ್ತಲಾದ ಮೇಲೆ ಬಸ್ಸು, ಜೀಪು ಹತ್ತಿ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಆ ಬಟನ್ ಬೇಕೇ ಬೇಕು.

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳಲ್ಲಿ, ಮಂಗಳೂರಿನಿಂದ ಅದೇ ಗಾಡಿಯಲ್ಲಿ ಕೊಡಗಿಗೆ ವಾಪಸ್ ಬರುತ್ತಿದ್ದೆವು. ಮಡಿಕೇರಿಗೆ ಹತ್ತುವ ಘಾಟಿಯಲ್ಲಿ ಜೋಡುಪಾಲ ದಾಟಿ ಸ್ವಲ್ಪ ಮೇಲೆ ಬಂದಿದ್ದೆವು ಅಷ್ಟೆ, ಮುಂದೆ ಬರೆ (ರಸ್ತೆ ಬದಿಯ ಗುಡ್ಡದ ಮಣ್ಣು) ಕುಸಿದು ಮರದ ಸಮೇತ ರಸ್ತೆಗೆ ಬಿದ್ದಿತ್ತು. ಗಾಡಿಯಲ್ಲಿದ್ದ ಒಬ್ಬರು ವಯಸ್ಸಾದ ಅಮ್ಮನಿಗೆ ಉಸಿರಾಟ ಕಷ್ಟವಾಗತೊಡಗಿತು. ಭಾವ ಬಟನ್ ಒತ್ತಿದರು. ಯಾವ ಕಡೆಯಿಂದಲೂ ಉತ್ತರ ಇಲ್ಲ. ಯಾರ ಫೋನಿನಲ್ಲೂ ಒಂದು ಕಡ್ಡಿ ಸಿಗ್ನಲ್ ಇರಲಿಲ್ಲ. ಕೊನೆಗೆ ಒಬ್ಬ ಹುಡುಗ ಮಳೆಯಲ್ಲೇ ಕೆಳಗೆ ನಡೆದು ಹೋಗಿ, ಸಿಗ್ನಲ್ ಸಿಕ್ಕ ಕಡೆಯಿಂದ 112ಕ್ಕೆ ಕರೆ ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಗಾಡಿಗಳು ಬರುತ್ತಲೇ ಇದ್ದವು. ಮೇಲೆ ರಸ್ತೆ ಬಂದ್ ಅಂತ ಕೆಳಗೆ ಯಾರಿಗೂ ಗೊತ್ತಿರಲಿಲ್ಲ, ಬಂದವರಿಗೆ ತಿರುಗಿಸಿಕೊಳ್ಳಲು ಜಾಗವೂ ಇರಲಿಲ್ಲ. ಆ ಅಮ್ಮ ಹುಷಾರಾದರು, ದೇವರು ದೊಡ್ಡವನು.

ಆಮೇಲೆ ಈ ಬಾಕ್ಸಿನ ಬಗ್ಗೆ ಓದಿದೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹೆಣ್ಣುಮಗಳಿಗೆ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಅದರ ನಂತರವೇ ಇಂಥ ಬಟನ್ ಬೇಕು ಅನ್ನುವ ಕೂಗು ಜೋರಾದದ್ದು. 2016ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಈ ಬಾಕ್ಸ್, ಬಟನ್ ಬಗ್ಗೆ 125ಎಚ್ ಅನ್ನುವ ನಿಯಮ ಸೇರಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಇದು ಕಡ್ಡಾಯವಾಯಿತು, ಹಳೆಯ ಗಾಡಿಗಳ ಜವಾಬ್ದಾರಿ ರಾಜ್ಯಗಳಿಗೆ ಹೋಯಿತು. ಸಿಗ್ನಲ್ ಇಲ್ಲದ ಕಡೆ ಬಾಕ್ಸ್ ಗಾಡಿ ಹೋದ ದಾರಿಯನ್ನೆಲ್ಲ ತನ್ನೊಳಗೆ ಬರೆದಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಗಾಡಿ ಎಲ್ಲೆಲ್ಲಿ ಹೋಗಿತ್ತು ಅಂತ ಮಾರನೇ ದಿನ ನೋಡಲು ಅಷ್ಟು ಸಾಕು. ಉಸಿರು ಕಟ್ಟುತ್ತಿರುವವರಿಗೆ ಸಾಕಾಗುವುದಿಲ್ಲ.

ನನಗೆ ನೋವಾಗುವುದು ಇಲ್ಲೇ. ಗಾಡಿ ಮಾಲೀಕ ಬಾಕ್ಸ್ ಹಾಕದಿದ್ದರೆ ಎಫ್‌ಸಿ ಸಿಗುವುದಿಲ್ಲ. ಆದರೆ ಆ ಬಾಕ್ಸ್ ಮಾತಾಡುವಷ್ಟು ಸಿಗ್ನಲ್ ರಸ್ತೆಯಲ್ಲಿ ಇರಬೇಕು ಅನ್ನುವುದನ್ನು ಅದೇ ನಿಯಮದೊಳಗೆ ಯಾಕೆ ಸೇರಿಸಲಿಲ್ಲ? ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಆಸ್ಪತ್ರೆ, ಕಾಲೇಜು, ಕಾಫಿ ಮೂಟೆ ಎಲ್ಲಕ್ಕೂ ರಸ್ತೆಯೇ ಗತಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತು ಹೋಗುತ್ತದೆ.

ಮಡಿಕೇರಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 275, ಆ ಕಡೆ ಬೆಂಗಳೂರು, ಈ ಕಡೆ ಬಂಟ್ವಾಳ. ಬೆಂಗಳೂರು–ಮೈಸೂರು ನಡುವೆ ಅದೇ ಹೆದ್ದಾರಿಯಲ್ಲಿ ಸ್ಪೀಡು, ಸೀಟ್ ಬೆಲ್ಟು ಹಿಡಿಯುವ ಕ್ಯಾಮೆರಾಗಳಿವೆ. ಅಲ್ಲಿ ಸಾವುಗಳು ಕಡಿಮೆಯಾದವು, ಒಳ್ಳೆಯದೇ ಆಯಿತು, ನನಗೆ ಕ್ಯಾಮೆರಾ ಬಗ್ಗೆ ತಕರಾರಿಲ್ಲ. ಅದಕ್ಕೆ 2021ರಲ್ಲಿ ಬಂದ ನಿಯಮ 167ಎ ಎಷ್ಟು ಚೊಕ್ಕವಾಗಿದೆ ನೋಡಿ: ಕ್ಯಾಮೆರಾ ಇದೆ ಅಂತ ಮೊದಲೇ ಬೋರ್ಡ್ ಹಾಕಬೇಕು, ತಪ್ಪು ಮಾಡಿದವರಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು. ಸರ್ಕಾರ ತನಗೆ ತಾನೇ ಗಡುವು ಹಾಕಿಕೊಂಡಿದೆ. ಹಾಗಿದ್ದರೆ ಬರೆ ಕುಸಿದು ರಸ್ತೆ ಬಂದ್ ಆದಾಗ ಇಷ್ಟು ನಿಮಿಷದೊಳಗೆ ಘಾಟಿಯ ಕೆಳಗಿನ ಸಂಪಾಜೆಯಲ್ಲಿ ಆ ಸುದ್ದಿ ಹೇಳುವ ಬೋರ್ಡ್ ಬೆಳಗಬೇಕು ಅಂತಲೂ ಬರೆಯಬಹುದು ಅಲ್ವಾ?

ಬೇಕಾದ ಸಾಮಾನು ಅರ್ಧ ಆಗಲೇ ಇದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. 2018ರ ಆಗಸ್ಟಿನಲ್ಲಿ ಇದೇ ಜೋಡುಪಾಲದಲ್ಲಿ ಗುಡ್ಡ ಇಳಿದು ಜನ ಸತ್ತರು, ವಾರಗಟ್ಟಲೆ ಈ ದಾರಿ ಬಂದಾಗಿತ್ತು. ಮಳೆಮಾಪಕಗಳ ಲೆಕ್ಕ ಘಾಟಿ ಹತ್ತುವ ಡ್ರೈವರಿಗೂ ಸಿಗಬೇಕು. ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಗೂ ಇದೇ ಮಾತು. ಇನ್ನು ಗಾಡಿಗಳೊಳಗಿನ ಬಾಕ್ಸ್‌ಗಳು. ಘಾಟಿಯ ಒಂದೇ ತಿರುವಿನಲ್ಲಿ ಹತ್ತು ಗಾಡಿ ಅರ್ಧ ಗಂಟೆ ನಿಂತಿವೆ ಅಂದರೆ ಅಲ್ಲಿ ಏನೋ ಆಗಿದೆ. ಸಿಗ್ನಲ್ ಇದ್ದರೆ ಇಷ್ಟನ್ನು ಹೇಳಲು ಯಾರೂ ಬಟನ್ ಒತ್ತಬೇಕಿಲ್ಲ.

ಈಗ ನಮ್ಮಲ್ಲಿ ನಡೆಯುವುದು ಬೇರೆ. ಸಂಪಾಜೆ ಗೇಟಿನ ಹತ್ತಿರ ಭಾವ ಗಾಡಿ ನಿಧಾನ ಮಾಡಿ, ಮೇಲಿನಿಂದ ಇಳಿಯುವ ಲಾರಿಗೆ ಕೈ ತೋರಿಸಿ "ಮೇಲೆ ದಾರಿ ಹೇಗುಂಟು ಅಣ್ಣಾ?" ಎಂದು ಕೇಳುತ್ತಾರೆ. ಲಾರಿಯವರು ತಲೆಯಾಡಿಸಿದರೆ ಹತ್ತುತ್ತೇವೆ. ಮುಂದಿನ ಗ್ರಾಮಸಭೆಗೆ ನಾವು ಕೆಲವರು ಅರ್ಜಿ ಬರೆದಿಟ್ಟಿದ್ದೇವೆ: ಘಾಟಿಯಲ್ಲಿ ಕರೆಂಟ್ ಹೋದರೂ ನಡೆಯುವ ಟವರ್, ಘಾಟಿಯ ಎರಡೂ ತುದಿಯಲ್ಲಿ ಒಂದೊಂದು ಬೋರ್ಡ್. ಈ ದಾರಿಯಲ್ಲಿ ಓಡಾಡುವವರು ಬಂದು ಸಹಿ ಹಾಕಿ.