ಅಜ್ಜನ ಬಣ್ಣದ ವೇಷದ ಫೋಟೋ: ಚುಟ್ಟಿ ಯಾವುದು, ಬೂಷ್ಟು ಯಾವುದು

ಜೂನ್ 8

ಅಮ್ಮನ ತವರು ಬದಿಯಡ್ಕದ ಹತ್ರ. ಮಳೆಗೆ ಮೊದಲು ಅಟ್ಟ ಗುಡಿಸ್ಲಿಕ್ಕೆ ಹೋದಾಗ ಹಳೇ ಆಲ್ಬಂ ಸಿಕ್ಕಿತು, ಅದರಲ್ಲಿ ಅಜ್ಜನ ಯಕ್ಷಗಾನದ ಬಣ್ಣದ ವೇಷದ ಫೋಟೋ. ಅಜ್ಜ ಮೇಳದ ತಿರುಗಾಟಕ್ಕೆ ಹೋದವರಲ್ಲ, ಊರಿನ ಸಂಘದ ಆಟದಲ್ಲಿ ವರ್ಷಕ್ಕೆ ಎರಡೋ ಮೂರೋ ವೇಷ ಮಾಡ್ತಿದ್ದದ್ದು, ಹಾಗೆ ವೇಷದಲ್ಲಿರುವ ಫೋಟೋ ಅಂತ ಇರುದು ಇದೊಂದೇ. ಆಲ್ಬಂ ಹಾಳೆಯಲ್ಲಿ ಪೆನ್ಸಿಲಲ್ಲಿ 1981 ಅಂತ ಬರೆದಿದೆ, ಪ್ರಸಂಗದ ಹೆಸರಿಲ್ಲ. ಅಮ್ಮ ಕುಂಭಕರ್ಣ ಅಂತಾರೆ, ದೊಡ್ಡಮ್ಮ ತಾರಕಾಸುರ ಅಂತ ಹಠ, ನಾನು ಆ ಜಗಳಕ್ಕೆ ಹೋಗುದಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಜ್ಜನ ತಿಥಿ, ಅದರೊಳಗೆ ಇದನ್ನು ಸರಿ ಮಾಡಿ ದೊಡ್ಡ ಮಾಡಿಸಿ ಚಾವಡಿಯಲ್ಲಿ ಹಾಕ್ಬೇಕು ಅಂತ ಅಪ್ಪಣೆ ಆಗಿದೆ.

ಫೋಟೋದ ಅವಸ್ಥೆ ಹೇಳ್ತೇನೆ. 3.5×5 ಇಂಚಿನ ಕಲರ್ ಪ್ರಿಂಟ್. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಜಾತಿಯ ಆಲ್ಬಂ, ಪ್ಲಾಸ್ಟಿಕ್ ಹೇಗೋ ಬಿಟ್ಟು ಬಂತು, ಫೋಟೋ ಮಾತ್ರ ಹಾಳೆಯನ್ನು ಕಚ್ಚಿಕೊಂಡು ಕೂತಿದೆ, ಕಿತ್ತರೆ ಹರಿಯುದು ಗ್ಯಾರಂಟಿ. ಹಾಳೆ ಸಮೇತ ಬ್ಲೇಡಲ್ಲಿ ಕೊಯ್ದು ತಂದೆ. ಪೇಪರ್ ಆ ಕಾಲದ ಸಿಲ್ಕ್ ಫಿನಿಶ್, ಮೈಯೆಲ್ಲ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಣ್ಣು. ಬಣ್ಣ ಇಡೀ ಕೆಂಪಿಗೆ ತಿರುಗಿದೆ. ಅದರ ಮೇಲಿಂದ ನಮ್ಮೂರ ಮಳೆಗಾಲದ ಪ್ರಸಾದ, ಬಿಳೀ ಬೂಷ್ಟು.

ಜೂನ್ 10

600 ಡಿಪಿಐಯಲ್ಲಿ ಸ್ಕ್ಯಾನ್, 16 ಬಿಟ್ ಟಿಫ್. 2100×3000 ಪಿಕ್ಸೆಲ್ ಬಂತು, ಫೈಲ್ 38 ಎಂಬಿ ಹತ್ರ. 1200ರಲ್ಲೂ ಮಾಡಿ ನೋಡಿದೆ, 150 ಎಂಬಿ ಆಯ್ತು ಬಿಟ್ರೆ ಹೊಸತಾಗಿ ಎಂತದೂ ಕಾಣಲಿಲ್ಲ, ಪೇಪರಿನ ಕಣ್ಣು ಮಾತ್ರ ದೊಡ್ಡದಾಗಿ ಕಂಡಿತು. 600 ಸಾಕು, 300ರಲ್ಲಿ ಪ್ರಿಂಟ್ ಹಾಕಿದ್ರೆ ಲೆಕ್ಕಕ್ಕೆ ಸರಿಯಾಗಿ 7×10 ಇಂಚು ಆಗ್ತದೆ.

ಅಕ್ಕನ ಮಗ ಬೆಂಗಳೂರಲ್ಲಿ ಇರುದು, ಅವನಿಗೆ ಒಂದು ಕಾಪಿ ಕಳ್ಸಿದೆ. "ಮಾವ, ಎಐ ಆ್ಯಪ್ ಉಂಟು, ಎರಡು ಸೆಕೆಂಡ್" ಅಂದ. ಎರಡು ಸೆಕೆಂಡಲ್ಲಿ ವಾಪಸ್ ಬಂತು ಕೂಡ. ಅಜ್ಜನ ಮುಖದಲ್ಲಿದ್ದ ಚುಟ್ಟಿಯನ್ನೆಲ್ಲ, ಅಂದ್ರೆ ವೇಷದ ಬಿಳೀ ಚುಕ್ಕಿ ಸಾಲನ್ನೆಲ್ಲ, ಆ್ಯಪ್ ಬಿಳೀ ಗಡ್ಡ ಮಾಡಿ ಬಿಟ್ಟಿತ್ತು ಮಾರಾಯ್ರೆ, ನೋಡ್ಲಿಕ್ಕೆ ಯಾವುದೋ ಕ್ರಿಸ್‌ಮಸ್ ಅಜ್ಜ. ಅಮ್ಮನಿಗೆ ತೋರಿಸ್ಲಿಲ್ಲ.

ಜೂನ್ 15

ಗೊತ್ತಿಲ್ಲದವರಿಗೆ: ತೆಂಕುತಿಟ್ಟಿನ ಬಣ್ಣದ ವೇಷ ಅಂದ್ರೆ ರಾಕ್ಷಸ ವೇಷ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ, ಮುಳ್ಳು ಮುಳ್ಳಾಗಿ ಸಾಲು ಇಡುದು, ಅದು ಚುಟ್ಟಿ. ಚೌಕಿಯಲ್ಲಿ, ಅಂದ್ರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು ಇಡುವ ಕೆಲಸ. ಈಗ ನನ್ನ ಫೋಟೋದಲ್ಲಿ ಎಂತ ಆಗಿದೆ ಅಂದ್ರೆ ಚುಟ್ಟಿಯೂ ಬಿಳೀ ಚುಕ್ಕಿ, ಬೂಷ್ಟೂ ಬಿಳೀ ಚುಕ್ಕಿ, ಎರಡೂ ಹೆಚ್ಚುಕಮ್ಮಿ ಒಂದೇ ಸೈಜ್.

ಗಿಂಪ್ ಅಂತ ಫೋಟೋ ತಿದ್ದುವ ಸಾಫ್ಟ್‌ವೇರ್ ಉಂಟಲ್ಲ, ಅದರಲ್ಲಿ ಚುಕ್ಕಿ ತೆಗೆಯುವ ಡೆಸ್ಪೆಕಲ್ ಫಿಲ್ಟರ್ ಹಾಕಿದೆ, ಬೂಷ್ಟು ಹೋಯ್ತು, ಚುಟ್ಟಿಯೂ ಹೋಯ್ತು. ರೇಡಿಯಸ್ ಕಮ್ಮಿ ಮಾಡಿದೆ, ಎರಡೂ ಉಳೀತು. ಅದರ ತಪ್ಪಲ್ಲ, ಸುತ್ತಲಿನ ಪಿಕ್ಸೆಲ್ ನೋಡಿ ನಡುವಿನ ಬೆಲೆ ಹಾಕುದು ಅದರ ಕೆಲಸ, ಅದಕ್ಕೆ ಯಕ್ಷಗಾನ ಎಲ್ಲಿಂದ ಗೊತ್ತಾಗ್ಬೇಕು.

ಇನ್ನೊಂದು ಕಿರಿಕಿರಿ. ಮಾರ್ಚ್ 2025ರಲ್ಲಿ ಗಿಂಪ್ 3.0 ಬಂತಲ್ಲ, ಖುಷಿಯಲ್ಲಿ ಅದಕ್ಕೆ ಹೋಗಿದ್ದೆ, ಹೊರಗಿಂದ ತಂದು ಸೇರಿಸಿದ ನನ್ನ ಹಳೇ ಪೈಥಾನ್ ಪ್ಲಗಿನ್ ಒಂದೂ ಮೆನುವಿನಲ್ಲಿ ಇಲ್ಲ. ಹಳೇ ಗಿಂಪ್ 2.10ರದ್ದು ಪೈಥಾನ್ 2, ಹೊಸತರದ್ದು ಪೈಥಾನ್ 3, ಹಾಗಾಗಿ ಯಾರಾದ್ರೂ ತಿದ್ದಿ ಕೊಡದೆ ಹಳೇದು ಓಡುದಿಲ್ಲ. ಹೊಸತು ಡೌನ್‌ಲೋಡ್ ಮಾಡಿ ಹಾಕಿದ್ರೂ ಕಾಣ್ಲಿಲ್ಲ, ಅರ್ಧ ದಿನ ಹೋದ ಮೇಲೆ ಗೊತ್ತಾಯ್ತು ಫೈಲನ್ನು ಬರೀ ಪ್ಲಗಿನ್ ಫೋಲ್ಡರಿಗೆ ಹಾಕಿದ್ರೆ ಸಾಲದು, ಅದರದ್ದೇ ಹೆಸರಿನ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡ್ಬೇಕು ಅಂತ. 2.10 ಸದ್ಯಕ್ಕೆ ತೆಗೆಯುದಿಲ್ಲ, ಎರಡೂ ಇರ್ಲಿ. ಅದರಿಂದ ಇದಕ್ಕೆ ಟಿಫ್ ಮಾಡಿ ದಾಟಿಸುದು.

ಜೂನ್ 22

ಕಾಸರಗೋಡು ಪೇಟೆಯಲ್ಲಿ ಒಂದು ಪ್ರೆಸ್ಸಿನಲ್ಲಿ ಡಿಸೈನ್ ಮಾಡುವ ಮಲಯಾಳಿ ಚೇಟ (ಅಣ್ಣ) ಇದ್ದಾರೆ, ಮದುವೆ ಕಾಗದ ಮಾಡಿಸಿದ ಪರಿಚಯ. ಪೆನ್‌ಡ್ರೈವ್ ಹಿಡ್ಕೊಂಡು ಹೋದೆ. ಫೈಲ್ ತೆರೆದದ್ದೇ "ಆದ್ಯಂ ಲೇಯರ್ ಕೋಪ್ಪಿ ಎಡುಕ್ಕ್" (ಮೊದಲು ಲೇಯರಿನ ಕಾಪಿ ತೆಗಿ) ಅಂತ ಬೈದ್ರು, ನಾನು ಒರಿಜಿನಲ್ ಲೇಯರ್ ಮೇಲೆಯೇ ಉಜ್ಜಿದ್ದು ಕಂಡು. ಹೊಸ ಗಿಂಪಿನಲ್ಲಿ ಫಿಲ್ಟರ್ ಹಾಕಿದ್ದನ್ನು ಮತ್ತೆ ತೆಗೀಲಿಕ್ಕೆ ಆಗ್ತದಲ್ಲ ಅಂತ ನಾನಂದೆ, ಅದು ಅದರೊಳಗಿನ ಫಿಲ್ಟರಿಗೆ ಮಾತ್ರ, ಹೊರಗಿನ ಪ್ಲಗಿನ್ ಹಾಕಿದ್ರೆ ಆಯ್ತು ಹೋಯ್ತು ಅಂದ್ರು. ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಎರಡು ವಿದ್ಯೆ ಹೇಳಿಕೊಟ್ರು, ಎರಡೂ ಚಿನ್ನ.

ಒಂದನೇದು, ಸ್ಕ್ಯಾನರಿನ ಲೈಟ್ ಒಂದೇ ಬದಿಯಿಂದ ಬೀಳುದು, ಅದಕ್ಕೇ ಪೇಪರಿನ ಕಣ್ಣುಗಳಿಗೆ ನೆರಳು ಬಂದು ಎದ್ದು ಕಾಣುದು. ಫೋಟೋವನ್ನು ಉಲ್ಟಾ ತಿರುಗಿಸಿ ಇನ್ನೊಂದು ಸ್ಕ್ಯಾನ್ ತೆಗಿ, ಕಂಪ್ಯೂಟರಲ್ಲಿ 180 ಡಿಗ್ರಿ ತಿರುಗಿಸಿ ಮೊದಲಿನದ್ದರ ಮೇಲೆ ಕೂರಿಸಿ ಒಪ್ಯಾಸಿಟಿ 50 ಮಾಡು, ಅಂದ್ರೆ ಅರ್ಧ ಪಾರದರ್ಶಕ. ಆಚೆ ನೆರಳು ಈಚೆ ನೆರಳು ಸೇರಿ ಅರ್ಧಕ್ಕರ್ಧ ತೊಳೆದು ಹೋಗ್ತದೆ. ಸರಿಯಾಗಿ ಕೂತಿದಾ ಅಂತ ನೋಡ್ಲಿಕ್ಕೆ ಲೇಯರ್ ಮೋಡನ್ನು ಡಿಫರೆನ್ಸ್ ಮಾಡುದು, ಎಷ್ಟು ಕಪ್ಪಾಗ್ತದೋ ಅಷ್ಟು ಸರಿ.

ಎರಡನೇದು ಫೂರಿಯೇ ಪ್ಲಗಿನ್.

ಜೂನ್ 29

ಇದನ್ನು ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ಮೂರು ದಿನ ಇದರಲ್ಲೇ ಹೋಯ್ತು, ಕರೆಂಟು ಹೋಗಿ ಬಂದು ಮಾಡಿದ್ದು ಬೇರೆ.

2.10ರಲ್ಲಿ ಆ ಫೂರಿಯೇ ಪ್ಲಗಿನ್ನಿನ ಎಫ್‌ಎಫ್‌ಟಿ ಫಾರ್ವರ್ಡ್ ಅಂತ ಕೊಟ್ರೆ ಫೋಟೋ ಮಾಯ ಆಗಿ ಬೂದಿ ಬಣ್ಣದ ಒಂದು ಮಂಜು ಬರ್ತದೆ. ಅಜ್ಜ ಇಲ್ಲ, ಎಂತದೂ ಇಲ್ಲ. ನಡುವಿನಲ್ಲಿ ಒಂದು ಗುಡ್ಡೆ, ಅದರ ಸುತ್ತ ದೂರದಲ್ಲಿ ಆರು ಕಡೆ ನಕ್ಷತ್ರದ ಹಾಗೆ ಚುಕ್ಕಿ. ಆ ನಕ್ಷತ್ರಗಳೇ ಪೇಪರಿನ ಜೇನುಗೂಡು. ಚಿತ್ರದಲ್ಲಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವಂಥದ್ದು ಇಲ್ಲಿ ಒಂದೊಂದು ಚುಕ್ಕಿಯಾಗಿ ಒಟ್ಟಾಗ್ತದೆ, ಪ್ರತಿ ಚುಕ್ಕಿಗೂ ಎದುರು ಬದಿಯಲ್ಲಿ ಅದರ ಜೋಡಿ ಇರ್ತದೆ. 808080ರ ಬೂದಿ ಬಣ್ಣ, ಮೆತ್ತಗಿನ ಬ್ರಷ್, ನಕ್ಷತ್ರದ ಮೇಲೆ ಒಂದೊಂದು ಬೊಟ್ಟು ಇಟ್ಟು ಇನ್ವರ್ಸ್ ಕೊಡುದು, ಆಗ ಮಂಜು ಹೋಗಿ ಫೋಟೋ ವಾಪಸ್ ಬರ್ತದೆ.

ಮೊದಲ ಸಲ ಉತ್ಸಾಹದಲ್ಲಿ ನಡುವಿನ ಗುಡ್ಡೆಯ ಮೇಲೂ ಬಳಿದೆ. ಇಡೀ ಚಿತ್ರದ ಬೆಳಕಿನ ಲೆಕ್ಕವೇ ಅಲ್ಲಿರುದಂತೆ, ಅಜ್ಜ ಹೊಗೆಯೊಳಗೆ ಕೂತ ಹಾಗೆ ವಾಪಸ್ ಬಂದ್ರು. ಎರಡನೇ ಸಲ ಬೊಟ್ಟು ದೊಡ್ಡದಾಯ್ತು, ಅಂಚುಗಳಲ್ಲೆಲ್ಲ ಅಲೆ ಅಲೆ. ಮೂರನೇ ಸಲ ಸಣ್ಣ ಬ್ರಷ್ಷಲ್ಲಿ ನಿಧಾನಕ್ಕೆ ಇಟ್ಟೆ, ಇನ್ವರ್ಸ್ ಕೊಟ್ಟೆ, ಜೇನುಗೂಡು ಕಾಣೆ! ಕಿರೀಟದ ಕೆಲಸ, ಕಣ್ಣಿನ ಕಪ್ಪು ಎಲ್ಲ ಹೊರಗೆ ಬಂತು. ರಾತ್ರಿ ಹನ್ನೊಂದೂವರೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ, "ಅಪ್ಪನ ಕಣ್ಣು ಹಾಗೇ ಉಂಟಲ್ಲ" ಅಂತ ಹೇಳಿ ಸ್ವಲ್ಪ ಹೊತ್ತು ಅಲ್ಲೇ ಕೂತ್ರು.

ನನಗೆ ಹೆದರಿಕೆ ಇದ್ದದ್ದು ಸಾಲಾಗಿರುವ ಚುಟ್ಟಿಯೂ ಇದರಲ್ಲಿ ಹೋಗ್ತದಾ ಅಂತ. ಹೋಗ್ಲಿಲ್ಲ. ಕೈಯಲ್ಲಿ ಇಟ್ಟ ಚುಕ್ಕಿ ಒಂದರ ಹಾಗೆ ಇನ್ನೊಂದಿಲ್ಲ, ಅಂತರ ಹೆಚ್ಚುಕಮ್ಮಿ ಇರ್ತದೆ, ಹಾಗಾಗಿ ಅದು ನಕ್ಷತ್ರ ಆಗುದೇ ಇಲ್ಲ. ಮೆಷೀನಲ್ಲಿ ಒತ್ತಿದ ಪೇಪರ್ ಮಾತ್ರ ಸಿಕ್ಕಿಬಿದ್ದದ್ದು.

ಜುಲೈ 6

ಬಣ್ಣ. ಆ ಕಾಲದ ಕಲರ್ ಪ್ರಿಂಟಲ್ಲಿ ಸಯಾನ್ ಬಣ್ಣ ಮಾಸಿದ್ರೆ ಫೋಟೋ ಕೆಂಪಾಗುದು, ಇದೂ ಅದೇ ಕೇಸ್. ಆಟೋ ವೈಟ್ ಬ್ಯಾಲೆನ್ಸ್ ಒತ್ತಿದೆ, ಹಿಂದಿನ ಪರದೆ ಪಾಚಿ ಹಸುರು, ಅಜ್ಜನ ಮುಖ ಇಟ್ಟಿಗೆ ಬಣ್ಣ. ಇಲ್ಲಿ ತೊಂದರೆ ಎಂತ ಅಂದ್ರೆ ಮುಖಕ್ಕೆ ಬಳಿದದ್ದೇ ಕೆಂಪು, ಇಂಗಳೀಕ. ಮಾಸಿ ಬಂದ ಕೆಂಪು ತೆಗೀಬೇಕು, ಅಜ್ಜ ಹಚ್ಚಿದ ಕೆಂಪು ಉಳೀಬೇಕು.

ಲೆವೆಲ್ಸಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಿದ್ದುದು ಅಂತ ಗೊತ್ತುಂಟು, ಆದ್ರೆ ಬಿಳಿ ಅಂತ ಯಾವುದನ್ನು ಹಿಡಿಯುದು? ಬಟ್ಟೆ ಎಲ್ಲ ಬಣ್ಣದ್ದು, ಹಲ್ಲು ಕಾಣುದಿಲ್ಲ. ಮತ್ತೆ ತಲೆಗೆ ಹೋಯ್ತು, ಸುಣ್ಣ ಅಕ್ಕಿಹಿಟ್ಟಿಗಿಂತ ಬಿಳಿ ಬೇರೆ ಎಂತ ಬೇಕು! ಮೂಗಿನ ಮೇಲಿನ ದೊಡ್ಡ ಚುಟ್ಟಿಯ ಮೇಲೆ ವೈಟ್ ಪಾಯಿಂಟ್, ಕಾಡಿಗೆಯ ಮೇಲೆ ಬ್ಲ್ಯಾಕ್ ಪಾಯಿಂಟ್. ಒಂದೇ ಕ್ಲಿಕ್ಕಿಗೆ ಮುಕ್ಕಾಲು ಸರಿ ಆಯ್ತು, ಉಳಿದದ್ದು ಕೈಯಲ್ಲಿ. ಮೂರು ವಾರ ಕಾಟ ಕೊಟ್ಟ ಚುಟ್ಟಿ ಇಲ್ಲಿ ಉಪಕಾರಕ್ಕೆ ಬಂತು.

ಜುಲೈ 13

ಬೂಷ್ಟಿನ ಪ್ರಶ್ನೆ ಹಾಗೇ ಇತ್ತು. ಇದು ಸಾಫ್ಟ್‌ವೇರ್ ಗೊತ್ತಿರುವವರ ಹತ್ರ ಕೇಳಿ ಆಗುದಲ್ಲ ಅಂತ ಖಾತ್ರಿ ಆಗಿ, ಕುಂಬಳೆ ಕಡೆ ಇರುವ ಒಬ್ರು ಹಿರಿಯ ಬಣ್ಣದ ವೇಷಧಾರಿಯ ಮನೆಗೆ ಹೋದೆ. ಎ4 ಸೈಜಲ್ಲಿ ಮುಖ ಮಾತ್ರ ಪ್ರಿಂಟ್ ತೆಗ್ದು ಎರಡು ಬಣ್ಣದ ಪೆನ್ನೂ ತಗೊಂಡು ಹೋಗಿದ್ದೆ. ಕನ್ನಡಕ ಹಾಕಿ ಸುಮಾರು ಹೊತ್ತು ನೋಡಿದ್ರು. ಕಾಫಿ ಬಂತು, ತಣೀತು, ಇನ್ನೂ ನೋಡ್ತಾ ಇದ್ದಾರೆ.

ಆಮೇಲೆ ಕೆಂಪು ಪೆನ್ನಲ್ಲಿ ಸುತ್ತು ಹಾಕ್ಲಿಕ್ಕೆ ಶುರು. "ಉಂದು ಚುಟ್ಟಿ ಅತ್ತ್, ಉಂದುಲಾ ಅತ್ತ್" ಅಂತ ತುಳುವಲ್ಲಿ, ಇದು ಚುಟ್ಟಿ ಅಲ್ಲ, ಇದೂ ಅಲ್ಲ ಅಂತ. ಹೇಗೆ ಗೊತ್ತಾಗುದು ಅಜ್ಜೆರೆ ಅಂತ ಕೇಳಿದೆ. ಚುಟ್ಟಿ ಉಬ್ಬಿದ ವಸ್ತು ಅಲ್ವಾ, ಫ್ಲ್ಯಾಶ್ ಬಿದ್ದ ಬದಿ ಹೊಳೀತದೆ, ಇನ್ನೊಂದು ಬದಿ ಬುಡದಲ್ಲಿ ಚೂರು ನೆರಳು ಇರ್ತದೆ, ಬೂಷ್ಟಿಗೆ ಬುಡ ಇಲ್ಲ, ಅಷ್ಟೇ. ಮತ್ತೆ ಸಾಲು ಎಲ್ಲಿಂದ ಹೊರಟು ಎಲ್ಲಿ ಮುಗೀಬೇಕು ಅಂತ ಉಂಟು, ಸಾಲು ಬಿಟ್ಟು ಹೊರಗೆ ಕೂತದ್ದು ಬೂಷ್ಟು. ಗಲ್ಲದ ಹತ್ರ ಒಂದು ಕಡೆ ಬೆರಳಿಟ್ಟು "ಇಲ್ಲಿ ಬಿದ್ದು ಹೋಗಿದೆ, ಆಟದ ಮಧ್ಯೆ ಉದುರಿದ್ದು, ಅದನ್ನು ನೀನು ತುಂಬಿಸ್ಬೇಡ" ಅಂದ್ರು. ನಾನು ಅದನ್ನು ಫೋಟೋ ಹಾಳಾದದ್ದು ಅಂತ ಲೆಕ್ಕ ಹಾಕಿ ಪಕ್ಕದ್ದನ್ನು ನಕಲು ಮಾಡಿ ತುಂಬಿಸ್ಲಿಕ್ಕೆ (ಕ್ಲೋನ್) ಹೊರಟಿದ್ದೆ.

ಬರುವಾಗ ಯಾವ ವೇಷ ಅಂತಲೂ ಕೇಳಿದೆ. ಹೇಳಿದ್ರು. ದೊಡ್ಡಮ್ಮನಿಗೆ ಸದ್ಯಕ್ಕೆ ಹೇಳುದು ಬೇಡ.

ಜುಲೈ 20

ಆ ಪ್ರಿಂಟನ್ನು ಪಕ್ಕದಲ್ಲಿ ಇಟ್ಟು ಕೆಲಸ. ವೇವ್‌ಲೆಟ್ ಡಿಕಂಪೋಸ್ ಹಾಕಿದೆ, ಚಿತ್ರವನ್ನು ಅದು ಐದು ಪದರ ಮತ್ತೆ ಒಂದು ಉಳಿಕೆ ಅಂತ ಬೇರೆ ಮಾಡ್ತದೆ, ಸಣ್ಣ ಗೆರೆ ಚುಕ್ಕಿ ಎಲ್ಲ ಮೇಲಿನ ಪದರದಲ್ಲಿ, ಮೈಬಣ್ಣ ಕೆಳಗೆ. ಬೂಷ್ಟು ಹೆಚ್ಚಾಗಿ ಮಧ್ಯದ ಎರಡು ಪದರದಲ್ಲಿ ಸಿಗ್ತದೆ, ಅಲ್ಲಿ ಕಲೆ ಮುಚ್ಚುವ ಹೀಲ್ ಟೂಲಲ್ಲಿ ಒಂದೊಂದಾಗಿ ತೆಗ್ದೆ, ಕೆಳಗಿನ ಬಣ್ಣಕ್ಕೆ ಏನೂ ಆಗುದಿಲ್ಲ. ಕೆನ್ನೆ ಒಂದಕ್ಕೇ ಎರಡು ರಾತ್ರಿ.

ಹಿಂದಿನ ಪರದೆಗೆ ಅಷ್ಟು ಮರ್ಯಾದೆ ಕೊಡ್ಲಿಲ್ಲ. ರಿಸಿಂಥಸೈಜರ್ ಅಂತ ಪ್ಲಗಿನ್ ಉಂಟು, ಅದರ ಹೀಲ್ ಸೆಲೆಕ್ಷನ್, ಕಲೆಯ ಸುತ್ತ ಗುರುತು ಹಾಕಿ ಒತ್ತುದು, ಪಕ್ಕದ ಬಟ್ಟೆ ನೋಡಿ ಅದೇ ನೇಯ್ದು ಕೊಡ್ತದೆ. ಒಂದು ಕಡೆ ಮಾತ್ರ ಪರದೆಯ ಮೇಲೆ ಅಜ್ಜನ ಬೆರಳನ್ನು ಬೆಳೆಸಿತು. ಸ್ಯಾಂಪಲನ್ನು ಸುತ್ತಲಿಂದ ತಗೊಳ್ಳುವ ಬದಲು ಮೇಲೆ ಕೆಳಗಿಂದ ತಗೊ ಅಂತ ಹೇಳಿದ ಮೇಲೆ ಸರಿ ಆಯ್ತು.

ಜುಲೈ 27

ಕೆಳಗೆ ಅಜ್ಜನ ಹೆಸರು, 1981 ಅಂತ ಹಾಕ್ಬೇಕಿತ್ತು. ಗಿಂಪಿನಲ್ಲಿ ಯೂನಿಕೋಡ್ ಕನ್ನಡ ತೊಂದರೆ ಇಲ್ಲದೆ ಬಂತು. ಪ್ರೆಸ್ಸಿನಲ್ಲಿ ಫೋಟೋಶಾಪಿಗೆ ಹಾಕಿದ್ರೆ "ಅಜ್ಜ" ಹೋಗಿ "ಅಜ್‌ಜ", ಒತ್ತಕ್ಷರ ಎಲ್ಲ ಬಿಚ್ಚಿ ಬಿದ್ದಿದೆ. ಚೇಟನಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಅವರಿಗೆ ಸರಿಯಾಗಿಯೇ ಕಂಡದ್ದು. ಈ ಸಲ ಹೇಳಿಕೊಡುವ ಪಾಳಿ ನನ್ನದು. ಪ್ರಿಫರೆನ್ಸಸಲ್ಲಿ ಟೈಪ್, ಅದರಲ್ಲಿ ಟೆಕ್ಸ್ಟ್ ಎಂಜಿನ್ ಸೌತ್ ಏಷ್ಯನ್ ಇರುದಕ್ಕೆ ಬದಲಿಸಿ, ಮುಚ್ಚಿ ತೆರೆದು, ಪ್ಯಾರಾಗ್ರಾಫ್ ಪ್ಯಾನಲಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಕೊಟ್ಟ ಮೇಲೆ ಒತ್ತು ಕೂತಿತು. ಮಲಯಾಳ ಯೂನಿಕೋಡಿಗೂ ಇದೇ ಮದ್ದಾ ಅಂತ ಕೇಳಿದ್ರು, ಹೌದು ಅಂದೆ, ಪ್ರೂಫ್ ಪ್ರಿಂಟಿನ ದುಡ್ಡು ತಗೊಳ್ಲಿಲ್ಲ.

ಆಗಸ್ಟ್ 3

ಪ್ರೂಫ್ 7×10, ಮ್ಯಾಟ್ ಪೇಪರ್. ಚೆನ್ನಾಗಿ ಬಂದಿದೆ, ಕೆಂಪು ಚೂರು ಗಾಢ ಆಗಿದೆ, ಸ್ಕ್ರೀನಲ್ಲಿ ಕಂಡದ್ದಕ್ಕಿಂತ. ಅದು ಸಣ್ಣ ಕೆಲಸ.

ಕುಂಬಳೆಗೆ ಒಂದು ಪ್ರತಿ ಕೊಟ್ಟು ಬರುವ ಅಂತ ಹೋದೆ. ಖುಷಿ ಆಯ್ತು ಅವರಿಗೆ, ಮನೆಯವರನ್ನೆಲ್ಲ ಕರೆದು ತೋರಿಸಿದ್ರು. ಮತ್ತೆ ಕನ್ನಡಕ ಹಾಕಿ ಎಡ ಕೆನ್ನೆಯ ಸಾಲನ್ನು ಬೆರಳಲ್ಲಿ ಎಣಿಸ್ಲಿಕ್ಕೆ ಶುರು ಮಾಡಿದ್ರು. ಮೂರು ಚುಕ್ಕಿ ಕಮ್ಮಿ ಉಂಟಂತೆ. ಕೆಂಪು ಸುತ್ತು ಹಾಕಿದ ಹಳೇ ಕಾಗದ ತೆಗ್ದು ನೋಡಿದೆ, ಹೌದು, ಆ ಮೂರಕ್ಕೆ ಸುತ್ತು ಇಲ್ಲ, ರಾತ್ರಿ ನಿದ್ದೆಗಣ್ಣಲ್ಲಿ ನಾನೇ ತೆಗ್ದದ್ದು. ಹೀಲ್ ಮಾಡಿದ್ದನ್ನು ಬೇರೆ ಲೇಯರಲ್ಲಿ ಮಾಸ್ಕ್ ಹಾಕಿ ಇಟ್ಟದ್ದರಿಂದ ಬಚಾವ್, ಮಾಸ್ಕಲ್ಲಿ ಕಪ್ಪು ಬಳಿದ್ರೆ ಮೂರೂ ವಾಪಸ್ ಬರ್ತದೆ. ಶನಿವಾರ ತಿಥಿ. ನಾಳೆ ಕರೆಂಟ್ ಇದ್ರೆ ಕೂರುದು.