ಎಟಿಆರ್ ಹೊಟ್ಟೆಗೆ ಹಿಡಿಸದ ಪೆಟ್ಟಿಗೆಗಳು

ಕಡಿಮೆ ದರದ ಅಂಗಸಂಸ್ಥೆಯ ವಿಮಾನ ತಡವಾದರೆ ಎಲ್ಲರೂ ಮೊದಲು ಬೈಯುವುದು ಬೋರ್ಡಿಂಗ್ ಗೇಟಿನವರನ್ನು. ಲೋಡ್ ಶೀಟ್, ಅಂದರೆ ವಿಮಾನದ ತೂಕದ ಲೆಕ್ಕದ ಹಾಳೆ, ಬರೆಯುವವರನ್ನು ಕೇಳಿ ನೋಡಿ, ತಡದ ಬೇರು ಬಹಳ ಸಲ ಲಗೇಜಿನಲ್ಲಿ ಇರುತ್ತದೆ. ಅದರಲ್ಲೂ ದೊಡ್ಡ ವಿಮಾನದಿಂದ ಇಳಿದು ಬಂದ ಕನೆಕ್ಟಿಂಗ್ ಲಗೇಜಿನಲ್ಲಿ.

1996ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಅಂಗಸಂಸ್ಥೆಯಾಗಿ ಶುರುವಾದ ಅಲಯನ್ಸ್ ಏರ್ ಆಮೇಲೆ ಏರ್ ಇಂಡಿಯಾದ ತೆಕ್ಕೆಗೆ ಬಂತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಪಾಲಾದಾಗ ಇದು ಮಾತ್ರ ಸರ್ಕಾರದ ಬಳಿಯೇ ಉಳಿಯಿತು. ಇಂಥ ಸಂಸ್ಥೆಗೆ ಸಣ್ಣ ಊರುಗಳೇ ಆಧಾರ. ಮೈಸೂರಿನ ರನ್‌ವೇ 1,740 ಮೀಟರ್, ಹಾಗಾಗಿ ಅಲ್ಲಿಗೆ ಎಟಿಆರ್ 72 ಎಂಬ ಸಣ್ಣ ಟರ್ಬೊಪ್ರಾಪ್ ವಿಮಾನ ಹೊಂದುತ್ತದೆ. ಶಿಮ್ಲಾದಲ್ಲಿ ರನ್‌ವೇ ಇನ್ನೂ ಗಿಡ್ಡ, ಜೊತೆಗೆ ಬೆಟ್ಟದ ಎತ್ತರದ ತೆಳು ಗಾಳಿ. ಅಲ್ಲಿಗೆ ಅದಕ್ಕಿಂತ ಚಿಕ್ಕ ಎಟಿಆರ್ 42 ಕಳಿಸಿದರೂ ಎಲ್ಲ ಸೀಟು ತುಂಬಿಸಿ ಹಾರುವ ಹಾಗಿಲ್ಲ.

ಎಟಿಆರ್ 72-600ರಲ್ಲಿ ಸುಮಾರು 70 ಸೀಟು. ಲಗೇಜಿಗೆ ಮುಂದೊಂದು, ಹಿಂದೊಂದು ಹೋಲ್ಡ್, ಎರಡೂ ಸೇರಿ ಸುಮಾರು 10 ಘನ ಮೀಟರ್ ಜಾಗ. ಕಂಟೇನರ್ ಇಲ್ಲ, ಎಲ್ಲವನ್ನೂ ಕೈಯಿಂದಲೇ ಜೋಡಿಸಿ ಬಲೆ ಬಿಗಿಯಬೇಕು. ಘನ ಮೀಟರಿಗೆ 160 ಕೆಜಿ ಎಂದು ಹಿಡಿದರೆ 1,600 ಕೆಜಿಗೆ ಹೋಲ್ಡ್ ತುಂಬಿತು. ತಲಾ 15 ಕೆಜಿಯಂತೆ 70 ಜನರ ಲಗೇಜು 1,050 ಕೆಜಿ, ಆರಾಮ. ಆದರೆ ಅವರಲ್ಲಿ 20 ಮಂದಿ ವಿದೇಶದಿಂದ ಒಂದೇ ಟಿಕೆಟಿನಲ್ಲಿ ಬಂದವರು, ತಲಾ 23 ಕೆಜಿಯ ಎರಡೆರಡು ಪೆಟ್ಟಿಗೆ ತಂದಿದ್ದಾರೆ ಎನ್ನಿ. ಅವರದೇ 920 ಕೆಜಿ, ಉಳಿದ 50 ಜನರದು 750. ಒಟ್ಟು 1,670. ಮೇಲಿನ ಬಿನ್‌ನಲ್ಲಿ ಹಿಡಿಸದ ಕೈಚೀಲಗಳೂ ಕೊನೆ ಗಳಿಗೆಯಲ್ಲಿ ಹೋಲ್ಡಿಗೇ ಬರುತ್ತವೆ. ಟೇಕಾಫ್ ತೂಕದ ಮಿತಿ ಇನ್ನೂ ದೂರವಿರುತ್ತದೆ, ಜಾಗ ಮಾತ್ರ ಮುಗಿದಿರುತ್ತದೆ. ಕಿಲೋ ಲೆಕ್ಕವನ್ನಷ್ಟೇ ನಂಬುವ ಹೊಸಬರು ಎಡವುವುದು ಇಲ್ಲೇ.

ಕೌಂಟರಿನಲ್ಲಿ 15 ಕೆಜಿ ಎಂದು ಪಟ್ಟು ಹಿಡಿದು ಪ್ರಯೋಜನವಿಲ್ಲ. ಒಂದೇ ಟಿಕೆಟಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಮುಖ್ಯ ಹಾರಾಟದ ಮಿತಿಯೇ ಕೊನೆವರೆಗೂ ಅನ್ವಯ. ಪ್ರಯಾಣಿಕನ ತಪ್ಪೇನೂ ಇಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಪಿಟಿಎಂ, ಅಂದರೆ ಒಳಬರುವ ವಿಮಾನದಿಂದ ಮುಂದೆ ಹೋಗುವವರ ಮತ್ತು ಅವರ ಪೆಟ್ಟಿಗೆಗಳ ಸಂಖ್ಯೆ ಕೊಡುವ ಸಂದೇಶ. ಒಳಬರುವ ವಿಮಾನ ಹೊರಟ ಮೇಲೆ ಅದು ಸಿಗುತ್ತದೆ. ತಲೆಗೆ ಎರಡು ಪೆಟ್ಟಿಗೆ ಕಂಡರೆ ಆಗಲೇ ಆ ವಿಮಾನಕ್ಕೆ ಸರಕು ಬುಕಿಂಗ್ ನಿಲ್ಲಿಸಿ. ಏನನ್ನು ಬಿಡುವುದು ಎಂಬ ತೀರ್ಮಾನ ಬಾಗಿಲು ಮುಚ್ಚುವ ಹತ್ತು ನಿಮಿಷ ಮೊದಲು ಆಗುವಂಥದ್ದಲ್ಲ. ಬಿಟ್ಟದ್ದರ ಟ್ಯಾಗ್ ನಂಬರ್ ಬರೆದಿಟ್ಟು, ಮುಂದಿನ ವಿಮಾನಕ್ಕೆ ಬೇಗ ಕಳಿಸಲು ರಶ್ ಟ್ಯಾಗ್ ಹಾಕಿ, ಇಳಿಯುವ ನಿಲ್ದಾಣಕ್ಕೆ ಆಗಲೇ ತಿಳಿಸಿದರೆ ಅಲ್ಲಿನವರು ಬೆಲ್ಟಿನ ಬಳಿ ಬೈಗುಳ ತಿನ್ನುವುದು ತಪ್ಪುತ್ತದೆ.

ಕನೆಕ್ಟಿಂಗ್ ಪೆಟ್ಟಿಗೆಗಳನ್ನು ಕೊನೆಗೆ, ಬಾಗಿಲ ಪಕ್ಕಕ್ಕೇ ಇಡಿಸಿ. ಆ ಪ್ರಯಾಣಿಕ ವಿಮಾನ ಹತ್ತದಿದ್ದರೆ ಅವನ ಪೆಟ್ಟಿಗೆ ಇಳಿಸಲೇಬೇಕು. ಅದು ಎಂಬತ್ತು ಪೆಟ್ಟಿಗೆಯ ತಳದಲ್ಲಿದ್ದರೆ ವಿಮಾನ ಇಳಿದು ಮತ್ತೆ ಹೊರಡುವ ನಡುವಿನ ಇಪ್ಪತ್ತೈದು ನಿಮಿಷದ ಟರ್ನ್‌ಅರೌಂಡ್ ಅಲ್ಲಿಗೇ ಹೋಯಿತು. ಬೆಳಗಿನ ಆ ತಡ ಅದೇ ವಿಮಾನದ ರಾತ್ರಿಯ ಕೊನೆಯ ಹಾರಾಟದವರೆಗೂ ಬಿಡುವುದಿಲ್ಲ, ಬದಲಿ ವಿಮಾನ ಇಟ್ಟುಕೊಳ್ಳುವ ಶಕ್ತಿ ಇಂಥ ಸಂಸ್ಥೆಗಳಿಗೆ ಕಡಿಮೆ.

ಗೇಟಿನಿಂದ ಬಂದ ಕೈಚೀಲಗಳನ್ನು ಹತ್ತಿರವಿದೆ ಎಂದು ಹಿಂದಿನ ಹೋಲ್ಡಿಗೆ ತುಂಬುವ ಅಭ್ಯಾಸವೂ ಕೆಟ್ಟದ್ದು. 20 ಚೀಲ, ತಲಾ 7 ಕೆಜಿ, ಒಟ್ಟು 140 ಕೆಜಿ ಬಾಲದ ಕಡೆ ಬಿದ್ದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಕೊನೆ ಗಳಿಗೆಯ ಬದಲಾವಣೆಗೆ ಕೈಪಿಡಿಯಲ್ಲಿರುವ ಮಿತಿ ದಾಟಿದರೆ ಸಮತೋಲನದ ಲೆಕ್ಕದ ಟ್ರಿಮ್ ಶೀಟ್ ಹೊಸದಾಗಿಯೇ ಆಗಬೇಕು, ಪೆನ್ನಿನಿಂದ ತಿದ್ದುವುದಲ್ಲ. ಎಟಿಆರ್‌ಗೆ ಜನ ಹತ್ತುವುದೂ ಹಿಂಬಾಗಿಲಿನಿಂದ, ಆಗಲೂ ಭಾರ ಬಾಲದ ಕಡೆಗೇ ಎಂಬುದು ನೆನಪಿರಲಿ. ಆದ್ದರಿಂದ ತುಂಬುವಾಗ ಮುಂದಿನ ಹೋಲ್ಡ್ ಮೊದಲು, ಇಳಿಸುವಾಗ ಹಿಂದಿನದು ಮೊದಲು. ವಿಮಾನ ಹಿಂದಕ್ಕೆ ವಾಲದಂತೆ ಬಾಲದಡಿ ಇಡುವ ಊರುಗೋಲನ್ನು ಎಲ್ಲರೂ ಕೂತು, ಹೋಲ್ಡ್ ಬಾಗಿಲು ಮುಚ್ಚಿದ ಮೇಲೆಯೇ ತೆಗೆಯಬೇಕು.