ಫ್ರಿಜ್ ಒಳಗೆ ನೀರು ನಿಲ್ತಿದೆಯಾ? ಮೊದಲು ಡ್ರೈನ್ ತೂತು ನೋಡಿ

ತರಕಾರಿ ಟ್ರೇ ಎತ್ತಿದರೆ ಕೆಳಗೆ ನೀರು, ಕೊತ್ತಂಬರಿ ಸೊಪ್ಪೆಲ್ಲ ಕೊಳೆತಿದೆ, ಒರೆಸಿದರೆ ಮತ್ತೆ ಅಷ್ಟೇ ನೀರು. ನಮ್ಮ ಡಬಲ್ ಡೋರ್ ಫ್ರಿಜ್‌ನಲ್ಲಿ ಇದೇ ಆಯಿತು. ಗ್ಯಾಸ್ ಹೋಯಿತು ಅಂತ ಗಾಬರಿ ಬೇಡ. ಗ್ಯಾಸ್ ಹೋದರೆ ತಂಪೇ ಕಡಿಮೆಯಾಗುತ್ತದೆ, ಅಲ್ವಾ?

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲೂ ಐಸ್ ಕಟ್ಟುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಫ್ರೀಜರ್‌ನ ಹಿಂದಿನ ಪ್ಯಾನಲ್ ಒಳಗಿರುವ ಕಾಯಿಲ್ ಮೇಲಿನ ಐಸನ್ನು ಒಂದು ಹೀಟರ್ ಆಗಾಗ ಕರಗಿಸುತ್ತದೆ, ಆ ನೀರು ಕೆಳಗಿನ ತೂತಿನಿಂದ ಪೈಪಿಗೆ ಇಳಿದು, ಹಿಂಬದಿಯ ಕಂಪ್ರೆಸರ್ ಹತ್ತಿರದ ಟ್ರೇಗೆ ಬಿದ್ದು, ಅಲ್ಲಿನ ಬಿಸಿಗೆ ಆರಿಹೋಗುತ್ತದೆ. ತೂತಿನಲ್ಲಿ ಕಸವೋ ಐಸೋ ಸಿಕ್ಕಿಕೊಂಡರೆ ನೀರು ಫ್ರಿಜ್ ಒಳಗೇ ಇಳಿಯುತ್ತದೆ.

ಮೊದಲು ಪ್ಲಗ್ ತೆಗೆಯಿರಿ. ಬಾಗಿಲು ತೆರೆದಿಟ್ಟು ಐಸ್ ತಾನಾಗಿ ಕರಗಲು ಬಿಡಿ, ಕೆಳಗೆ ಹಳೇ ಟವೆಲ್ ಹಾಸಿ. ದಯವಿಟ್ಟು ಚಾಕುವಿನಿಂದ ಐಸ್ ಕೆರೆಯಬೇಡಿ, ಕಾಯಿಲ್ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ, ಖರ್ಚೂ ಜಾಸ್ತಿ. ಪ್ಯಾನಲ್ ಬಿಚ್ಚಬೇಕಾಗಿ ಬಂದು ಧೈರ್ಯ ಇಲ್ಲದಿದ್ದರೆ ಮೆಕ್ಯಾನಿಕ್ ಕರೆಸಿ. ತೂತು ಕಂಡ ಮೇಲೆ ಸೂಜಿ ತೆಗೆದ ದೊಡ್ಡ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ತುಂಬಿ ನಿಧಾನವಾಗಿ ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೀಳಬಹುದು. ಲೋಳೆ ಕಟ್ಟಿದ್ದರೆ ಸ್ವಲ್ಪ ಅಡುಗೆ ಸೋಡಾ ಕಲಸಿಕೊಳ್ಳಿ. ಬಿಟ್ಟ ನೀರು ಹಿಂದಿನ ಟ್ರೇಗೆ ಬಂದರೆ ದಾರಿ ತೆರೆದಿದೆ ಅಂತ ಅರ್ಥ.

ಹಾಗೇ ಆ ಟ್ರೇಯನ್ನೂ ತೊಳೆದುಬಿಡಿ. ಅಲ್ಲಿ ನಿಂತ ನೀರಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ, ಮಳೆಗಾಲದಲ್ಲಂತೂ ವಾರಕ್ಕೊಮ್ಮೆ ನೋಡಲೇಬೇಕು.